ರಾತ್ರಿಯ ಓಟಕ್ಕೆ ನಮ್ಮೂರಿನವರೂ ಬೇಕು

ಸಂಪಾದಕರಿಗೆ ನಮಸ್ಕಾರ.

ಮಲೆನಾಡಿನ ಕಾಫಿ ತೋಟಗಳಲ್ಲಿ ನಡೆಯುವ ಅಲ್ಟ್ರಾ ಓಟದ ಸುದ್ದಿ ನಿಮ್ಮ ಪತ್ರಿಕೆಯಲ್ಲೂ ಬರುತ್ತದೆ. ಗೆದ್ದವರ ಫೋಟೊ ಹಾಕುತ್ತೀರಿ, ಸಂತೋಷ. ಆದರೆ ಈ ಓಟ ನಡೆಸಿಕೊಡಲು ಜನ ಸಾಲುತ್ತಿಲ್ಲ. ಅದರ ಬಗ್ಗೆಯೂ ನಾಲ್ಕು ಸಾಲು ಬರಲಿ ಅಂತ ಈ ಪತ್ರ ಬರೆಯುತ್ತಿದ್ದೇನೆ.

ನಾನು ಚಿಕ್ಕಮಗಳೂರು ಕಡೆ ಒಂದು ತೋಟದಲ್ಲಿ ರೈಟರ್. ದಿನಾ ಆಳುಗಳ ಹಾಜರಿ ಬರೆಯುವ ಕೆಲಸ. ನಾನು ಓಡುವವಳಲ್ಲ. ಮೂರು ವರ್ಷದಿಂದ ಇಂಥ ಓಟಗಳಿಗೆ ಸ್ವಯಂಸೇವಕಿಯಾಗಿ ಹೋಗುತ್ತಿದ್ದೇನೆ, ಅಷ್ಟೇ.

ಮ್ಯಾರಥಾನ್ ಅಂದರೆ 42.195 ಕಿ.ಮೀ. ಅದಕ್ಕಿಂತ ಉದ್ದ ಇದ್ದರೆ ಅಲ್ಟ್ರಾ. 50 ಕಿ.ಮೀ. ಇರುತ್ತದೆ, 100 ದಾಟುವುದೂ ಇರುತ್ತದೆ. ಬೆಳಗಿನ ಕತ್ತಲಲ್ಲಿ ಹೊರಟವರು ಮತ್ತೆ ಕತ್ತಲಾದರೂ ತಲೆಗೆ ಲೈಟ್ ಕಟ್ಟಿಕೊಂಡು ಓಡುತ್ತಲೇ ಇರುತ್ತಾರೆ. ದಾರಿಯಲ್ಲಿ ಅಲ್ಲಲ್ಲಿ ಒಂದು ಟಾರ್ಪಾಲು, ಎರಡು ಮೇಜು, ಒಂದು ಗ್ಯಾಸ್ ಒಲೆ ಇಟ್ಟುಕೊಂಡು ನಾವು ಕೂತಿರುತ್ತೇವೆ. ಇದಕ್ಕೇ ಸ್ಟೇಷನ್ ಅನ್ನುವುದು. ಬೇಯಿಸಿದ ಆಲೂಗಡ್ಡೆ, ಬಾಳೆಹಣ್ಣು, ಕಡಲೆ ಚಿಕ್ಕಿ, ಉಪ್ಪು ಹಾಕಿದ ನಿಂಬೆ ಪಾನಕ ಇಟ್ಟಿರುತ್ತೇವೆ. ಅರವತ್ತು ಎಪ್ಪತ್ತು ಕಿ.ಮೀ. ಆದ ಮೇಲೆ ಸಿಹಿ ಕಂಡರೆ ಹಲವರಿಗೆ ವಾಕರಿಕೆ ಬರುತ್ತದೆ. ಆಗ ಗಂಜಿ, ಒಂದು ಚೂರು ಉಪ್ಪಿನಕಾಯಿ ಕೊಟ್ಟರೆ ಮುಖ ಅರಳುತ್ತದೆ. ಮೇಜಿನ ಮೇಲೆ ಉಪ್ಪಿನ ಬಟ್ಟಲು ಎರಡು ಇರಲೇಬೇಕು. ಒಂದು ಆಲೂಗಡ್ಡೆಗೆ, ಇನ್ನೊಂದು ಕಾಲಿಗೆ ಹತ್ತಿದ ಇಂಬಳ ಬಿಡಿಸಲಿಕ್ಕೆ.

ಊಟ ಕೊಡುವುದು ಯಾರಾದರೂ ಮಾಡಬಹುದು. ನಿಜವಾದ ಕೆಲಸ ಪುಸ್ತಕದ್ದು. ಎದೆಯ ಮೇಲಿನ ನಂಬರ್, ಬಂದ ಹೊತ್ತು, ಹೋದ ಹೊತ್ತು. ನಮ್ಮಿಂದ ಹೊರಟ ನಂಬರ್ ಮುಂದಿನ ಸ್ಟೇಷನ್ನಿಗೆ ಬಂತಾ ಅಂತ ವಾಕಿಟಾಕಿಯಲ್ಲಿ ಕೇಳಿ ತಾಳೆ ನೋಡಬೇಕು. ತೋಟದೊಳಗೆ ಮೊಬೈಲ್ ಸಿಗ್ನಲ್ ನಂಬುವ ಹಾಗಿಲ್ಲ.

ಇದು ಎಷ್ಟು ಮುಖ್ಯ ಅಂತ ನನಗೆ ಗೊತ್ತಾಗಿದ್ದು ನಮ್ಮದೇ ತಪ್ಪಿನಿಂದ. ಮೊದಲ ವರ್ಷ ಒಬ್ಬ ಓಟಗಾರರು ನಮ್ಮ ಸ್ಟೇಷನ್ನಿಗೆ ಬಂದಿದ್ದನ್ನು ಬರೆದುಕೊಂಡಿದ್ದೆ. ಏಳು ಕಿ.ಮೀ. ಮುಂದಿನ ಸ್ಟೇಷನ್ನಿನವರು ಆ ನಂಬರ್ ಬಂದೇ ಇಲ್ಲ ಅಂದರು. ಮಳೆ ಹನಿಯುತ್ತಿತ್ತು. ನಾಲ್ಕು ಜನ ಟಾರ್ಚ್ ಹಿಡಿದು ಎರಡು ಗಂಟೆ ತೋಟದ ದಾರಿಗಳಲ್ಲಿ ಕೂಗುತ್ತಾ ಹುಡುಕಿದೆವು. ಕೊನೆಗೆ ನೋಡಿದರೆ ಅವರು ಟೀ ಕೊಡುತ್ತಿದ್ದ ಹುಡುಗನಿಗೆ "ನನ್ನಿಂದ ಆಗಲ್ಲ" ಅಂತ ಹೇಳಿ ಯಾರದೋ ಜೀಪ್ ಹತ್ತಿ ರೂಮಿಗೆ ಹೋಗಿ ಮಲಗಿದ್ದರು. ಆ ಹುಡುಗನಿಗೆ ಅದನ್ನು ನನಗೆ ಹೇಳಬೇಕು ಅಂತಲೇ ಗೊತ್ತಿರಲಿಲ್ಲ, ಯಾರೂ ಹೇಳಿಕೊಟ್ಟಿರಲಿಲ್ಲ, ನಾನೂ ಹೇಳಿರಲಿಲ್ಲ. ಈಗ ಓಟ ಬಿಡುವವರ ನಂಬರ್ ಚೀಟಿ ಕೈಗೆ ಬರುವವರೆಗೂ ನಾನು ಅವರನ್ನು ಗಾಡಿ ಹತ್ತಿಸುವುದಿಲ್ಲ.

ಮನುಷ್ಯರನ್ನು ನೋಡಿ ತಿಳಿದುಕೊಳ್ಳುವುದೂ ನಮ್ಮ ಕೆಲಸವೇ. ಹೆಸರು ಕೇಳುತ್ತೇವೆ, ಯಾವ ಊರು ಅಂತ ಕೇಳುತ್ತೇವೆ. ಮಾತು ತೊದಲಿದರೆ ಕೂರಿಸುತ್ತೇವೆ. ಕಳೆದ ಸಲ ರಾತ್ರಿ ಒಂದು ಗಂಟೆಗೆ ಬಂದ ಹೆಣ್ಣುಮಗಳೊಬ್ಬಳಿಗೆ ತನ್ನ ಬ್ಯಾಗಿನ ಜಿಪ್ ಎಳೆಯಲು ಆಗುತ್ತಿರಲಿಲ್ಲ, ಬೆರಳು ಅಷ್ಟು ನಡುಗುತ್ತಿದ್ದವು. ಒಳಗೆ ಒಣಗಿದ ಜಾಕೆಟ್ ಇತ್ತು! ನಾನೇ ಹೊರಗೆ ತೆಗೆದು ತೊಡಿಸಿದೆ, ಕಂಬಳಿ ಹೊದಿಸಿದೆ. ಇಪ್ಪತ್ತು ನಿಮಿಷ ಬಿಸಿ ಗಂಜಿ ಕುಡಿದು ಎದ್ದು ಹೋದಳು.

ನೀರು ಕುಡಿ ಕುಡಿ ಅಂತ ಒತ್ತಾಯ ಮಾಡುವುದೂ ತಪ್ಪು. ಇದು ತುಂಬಾ ಜನ ಸ್ವಯಂಸೇವಕರಿಗೆ ಗೊತ್ತಿಲ್ಲ. ಬರೀ ನೀರು ಜಾಸ್ತಿಯಾದರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ, ಜೀವಕ್ಕೇ ಅಪಾಯ ಆಗಬಹುದು. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಜನರ ರಕ್ತ ಪರೀಕ್ಷೆ ಮಾಡಿದಾಗ ಶೇ 13ರಷ್ಟು ಮಂದಿಯಲ್ಲಿ ಸೋಡಿಯಂ ಕಡಿಮೆ ಇತ್ತು. ಅದು 42 ಕಿ.ಮೀ. ಓಟ. ಇಲ್ಲಿ ಅದರ ಎರಡು ಪಟ್ಟು ಓಡುವವರಿದ್ದಾರೆ. ಬೆರಳು ಊದಿ ಉಂಗುರ ಬಿಗಿಯಾಗಿದ್ದರೆ, ತಲೆನೋವು ವಾಂತಿ ಅಂದರೆ, ಮತ್ತೆ ನೀರು ಕೊಡದೆ ಡಾಕ್ಟರನ್ನು ಕರೆಯಬೇಕು.

ಇನ್ನು ನಮ್ಮೂರಿನವರ ವಿಷಯ. ನಾನು ನೋಡಿದ ಹಾಗೆ ಸ್ವಯಂಸೇವಕರಲ್ಲಿ ಮುಕ್ಕಾಲು ಜನ ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬರುತ್ತಾರೆ. ಒಳ್ಳೆಯ ಮಕ್ಕಳು, ಶ್ರದ್ಧೆಯಿಂದ ದುಡಿಯುತ್ತಾರೆ. ಆದರೆ ತೋಟದಲ್ಲಿ ದಾರಿ ಕವಲೊಡೆಯುವುದು ಎಲ್ಲಿ, ಮಳೆ ಬಂದರೆ ಹಳ್ಳ ಎಲ್ಲಿ ಏರುತ್ತದೆ, ಆಳುಗಳು ಇರುವ ಹತ್ತಿರದ ಲೈನ್ ಮನೆ ಯಾವುದು ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ದಾರಿ ಗುರುತಿಗೆ ಕಟ್ಟಿದ ರಿಬ್ಬನ್ನನ್ನು ದನ ಎಳೆದು ಹಾಕಿದರೆ ಅವರೂ ದಾರಿ ತಪ್ಪುತ್ತಾರೆ. 2021ರ ಮೇ 22ರಂದು ಚೀನಾದ ಗಾನ್ಸುವಿನಲ್ಲಿ 100 ಕಿ.ಮೀ. ಬೆಟ್ಟದ ಓಟ ನಡೆಯುತ್ತಿದ್ದಾಗ ಆಲಿಕಲ್ಲು ಮಳೆ, ಬಿರುಗಾಳಿ ಎದ್ದು 172 ಓಟಗಾರರಲ್ಲಿ 21 ಜನ ಸತ್ತುಹೋದರು, ಹೆಚ್ಚಿನವರು ಚಳಿಯಲ್ಲಿ ಮೈ ತಣ್ಣಗಾಗಿ. ಅವತ್ತು ಆರು ಜನರನ್ನು ಒಂದು ಗುಹೆಯಲ್ಲಿ ಬೆಂಕಿ ಹಾಕಿ ಉಳಿಸಿದ್ದು ಅದೇ ಬೆಟ್ಟದಲ್ಲಿ ಕುರಿ ಕಾಯುತ್ತಿದ್ದ ಒಬ್ಬರು. ಅವರು ಸ್ವಯಂಸೇವಕರೂ ಅಲ್ಲ. ಆ ಜಾಗ ಅವರಿಗೆ ಗೊತ್ತಿತ್ತು, ಅದಕ್ಕೇ ಆಯಿತು.

ನಮ್ಮಲ್ಲೂ ಅಂಥವರು ಇದ್ದಾರಲ್ವಾ? ತೋಟದ ಮೇಸ್ತ್ರಿಗಳು, ಪಿಕಪ್ ಓಡಿಸುವ ಹುಡುಗರು, ಕಾಲೇಜು ಮಕ್ಕಳು. ಅವರೆಲ್ಲ "ಅದು ಪೇಟೆಯವರ ಓಟ" ಅಂತ ಸುಮ್ನೆ ರಸ್ತೆ ಬದಿ ನಿಂತು ನೋಡುತ್ತಾರೆ. ತಪ್ಪು ಅವರದ್ದಲ್ಲ. ನಾನು ತುಂಬಿದ ಸ್ವಯಂಸೇವಕರ ಫಾರಂಗಳು ಬರೀ ಇಂಗ್ಲಿಷಿನಲ್ಲಿದ್ದವು, ಅದೂ ಇಂಟರ್ನೆಟ್ಟಿನಲ್ಲಿ ಮಾತ್ರ. ಓಟ ನಡೆಸುವವರು ಒಂದು ತಿಂಗಳು ಮುಂಚೆ ಪಂಚಾಯಿತಿಗೆ, ಕಾಲೇಜಿಗೆ ಬಂದು ಕನ್ನಡದಲ್ಲಿ ಕರೆಯಲಿ. ಅರ್ಧ ದಿನ ಕೂರಿಸಿ ಪುಸ್ತಕ ಬರೆಯುವುದು, ವಾಕಿಟಾಕಿ ಹಿಡಿಯುವುದು ಹೇಳಿಕೊಡಲಿ. ರಾತ್ರಿ ಪಾಳಿಗೆ ಕೂತವರನ್ನು ಬಿಡಿಸಲು ಬೇರೆಯವರನ್ನು ಹೊತ್ತಿಗೆ ಸರಿಯಾಗಿ ಕಳಿಸಲಿ. ಒಂದು ವರ್ಷ ನಮ್ಮನ್ನು ಬಿಡಿಸಲು ಬೆಳಗಾದರೂ ಯಾರೂ ಬರಲಿಲ್ಲ. ಹದಿನಾಲ್ಕು ಗಂಟೆ ಕೂತವರ ಕಣ್ಣಿಗೆ ನಂಬರ್ 6 ಯಾವುದು, 8 ಯಾವುದು ಅಂತ ಕಾಣುವುದಿಲ್ಲ.

ನೀವು ಓಟದ ದಿನಾಂಕ ಹಾಕುವಾಗ ಸ್ವಯಂಸೇವಕರು ಯಾರನ್ನು ಕೇಳಬೇಕು ಅಂತಲೂ ಹಾಕಿ. ಓದುಗರಲ್ಲಿ ಯಾರಾದರೂ ಬರುವುದಾದರೆ ಸಂಜೆ ಆರರಿಂದ ರಾತ್ರಿ ಎರಡರ ಪಾಳಿ ಕೇಳಿ ಪಡೆಯಿರಿ, ಆ ಹೊತ್ತಿಗೇ ಜನ ಕಡಿಮೆ. ಟಾರ್ಚ್, ಸ್ವೆಟರ್, ಒಂದು ಜೊತೆ ಒಣ ಕಾಲುಚೀಲ ತನ್ನಿ. ಗಂಜಿ ನಾವು ಮಾಡಿರುತ್ತೇವೆ.

– ಒಬ್ಬ ಓದುಗರು, ಚಿಕ್ಕಮಗಳೂರು ಜಿಲ್ಲೆ