ಹತ್ತನೇ ತರಗತಿ ಮುಗಿಯಿತು, ಹಾಸ್ಟೆಲಿನ ಎಲ್ಲರಿಗೂ ನಮ್ಮ ನಮಸ್ಕಾರ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಿದೆ. ತುಮಕೂರು ಜಿಲ್ಲೆಯ ನಮ್ಮ ವಸತಿ ಶಾಲೆಗೆ ಆರನೇ ತರಗತಿಗೆ ಸೇರಿದ್ದ ಮಕ್ಕಳು ಈಗ ಪಿಯುಸಿ ಅರ್ಜಿ ಹಿಡಿದು ಓಡಾಡುತ್ತಿದ್ದಾರೆ. ಪಾಠ ಹೇಳಿದ ಮೇಷ್ಟ್ರು, ಮಿಸ್ಸುಗಳಿಗೆ ಬೀಳ್ಕೊಡುಗೆಯ ದಿನವೇ ಕೈಮುಗಿದಿದ್ದೇವೆ. ಅಂದು ವೇದಿಕೆ ಹತ್ತದವರಿಗಾಗಿ ಪೋಷಕರೆಲ್ಲ ಸೇರಿ ಇದನ್ನು ಬರೆಯುತ್ತಿದ್ದೇವೆ.

ಮೊದಲು ಅಡುಗೆಮನೆಯ ಅಕ್ಕಂದಿರಿಗೆ. ಮನೆಯಲ್ಲಿ ಐದು ಜನಕ್ಕೆ ಮುದ್ದೆ ತೊಳಸುವುದೇ ಬೇರೆ, 250 ಮಕ್ಕಳಿಗೆ ತೊಳಸುವುದೇ ಬೇರೆ. ಒಂದಳತೆ ಹಿಟ್ಟಿಗೆ ಹೆಚ್ಚುಕಮ್ಮಿ ಎರಡಳತೆ ನೀರು. ಎಸರು ಮರಳುವ ಮುಂಚೆ ಹಿಟ್ಟು ಸುರಿದರೆ ಗಂಟು, ಸುರಿದ ಕೂಡಲೇ ಕೋಲಾಡಿಸಿದರೂ ಗಂಟು. ಹಿಟ್ಟನ್ನು ನಡುವೆ ಗುಡ್ಡೆ ಹಾಕಿ, ಕೋಲಿನಲ್ಲಿ ತೂತು ಮಾಡಿ, ಎಸರು ಅದರೊಳಗಿಂದ ಉಕ್ಕಿ ಹಿಟ್ಟು ಬೇಯುವವರೆಗೆ ಕಾಯಬೇಕು. ಆಮೇಲೆ ರಟ್ಟೆ ಸೋಲುವಷ್ಟು ತೊಳಸಬೇಕು. ಒದ್ದೆ ಬೆರಳಿಗೆ ಅಂಟದಿದ್ದರೆ ಬೆಂದಿದೆ ಎಂದರ್ಥ. ದೊಡ್ಡ ಪಾತ್ರೆಯಲ್ಲಿ ತಳ ಸೀದರೂ ಅಂಚಿನ ಹಿಟ್ಟು ಹಸಿಯಾಗಿಯೇ ಉಳಿಯುತ್ತದೆ. ಅದನ್ನು ತಿಂದ ಮಗುವಿಗೆ ರಾತ್ರಿಯೆಲ್ಲ ಹೊಟ್ಟೆನೋವು. ಅದಕ್ಕೇ ನೀವು, ಕೆಲಸ ಹೆಚ್ಚಾದರೂ ಸರಿ ಎಂದು, ಎರಡು ಮೂರು ಪಾತ್ರೆಗಳಲ್ಲಿ ತೊಳಸುತ್ತಿದ್ದಿರಿ. ಅನ್ನವಷ್ಟೇ ಉಂಡು ಬೆಳೆದ ಮಕ್ಕಳ ಪಕ್ಕ ಕೂತು, ತುತ್ತು ಮುರಿದು ಸಾರಿನಲ್ಲಿ ಹೊರಳಿಸಿ ಅಗಿಯದೆ ನುಂಗುವುದನ್ನು ಕಲಿಸಿದವರೂ ನೀವೇ.

ನರ್ಸ್ ಸಿಸ್ಟರ್‌ಗೆ ನಮ್ಮ ಋಣ ದೊಡ್ಡದು. ಹಾಸ್ಟೆಲ್ ಅಂದಮೇಲೆ ಕಜ್ಜಿ ಇದ್ದದ್ದೇ ಎಂದು ಸುಮ್ಮನಾಗುವವರೇ ಹೆಚ್ಚು. ತುರಿಸಿಕೊಳ್ಳುವ ಮಗುವಿಗೆ ಮಾತ್ರ ಮುಲಾಮು ಹಚ್ಚಿದರೆ ಪಕ್ಕದಲ್ಲಿ ಮಲಗುವ ಮಗುವಿನಿಂದ ಅದು ಮತ್ತೆ ಬರುತ್ತದೆ, ಏಕೆಂದರೆ ಹುಳ ಮೊದಲ ಸಲ ಹತ್ತಿದವರಿಗೆ ತುರಿಕೆ ಕಾಣಿಸಿಕೊಳ್ಳುವುದೇ ಕೆಲವು ವಾರಗಳ ನಂತರ. ವೈದ್ಯರು ಬರೆದುಕೊಟ್ಟ ಪರ್ಮೆಥ್ರಿನ್ 5% ಮುಲಾಮನ್ನು ಸಿಸ್ಟರ್ ಕೊಠಡಿಯ ಎಲ್ಲರಿಗೂ ಒಂದೇ ರಾತ್ರಿ ಹಚ್ಚಿಸುತ್ತಿದ್ದರು. ಕುತ್ತಿಗೆಯಿಂದ ಪಾದದವರೆಗೆ, ಬೆರಳ ಸಂದಿ, ಉಗುರಿನ ಅಡಿ, ಏನೂ ಬಿಡುವಂತಿಲ್ಲ. 8ರಿಂದ 14 ಗಂಟೆ ಬಿಟ್ಟು ಸ್ನಾನ, ವಾರದ ಮೇಲೆ ಇನ್ನೊಮ್ಮೆ. ಅದೇ ದಿನ ಬಟ್ಟೆ, ಹೊದಿಕೆಗಳೆಲ್ಲ ಬಿಸಿನೀರಿಗೆ. ರಜೆಗೆ ಹೊರಟ ಮಗುವಿನ ಕೈಯಲ್ಲಿ "ಮನೆಯವರೂ ತೋರಿಸಿಕೊಳ್ಳಿ" ಎಂದು ಚೀಟಿ ಇಟ್ಟು ಕಳಿಸುತ್ತಿದ್ದಿರಿ, ತಾಯೀ. ಎಷ್ಟೋ ಮನೆಗಳಲ್ಲಿ ಕಜ್ಜಿ ನಿಂತದ್ದು ಆ ಚೀಟಿಯಿಂದ.

ವಾರ್ಡನ್ ಮೇಡಂ, ಭಾನುವಾರದ ಫೋನಿನಲ್ಲಿ ಹೇಗೆ ಮಾತಾಡಬೇಕೆಂದು ನಮಗೆ ತಿಳಿಸಿಕೊಟ್ಟವರು ನೀವು. "ಅಳು ಬರ್ತಿದೆಯಾ ಕಂದಾ" ಅಂದರೆ ಬಾರದ ಅಳುವೂ ಬರುತ್ತದೆ. "ಇವತ್ತು ಏನು ಸಾರು? ಪಕ್ಕದ ಮಂಚದೋಳು ಯಾವೂರೋಳು?" ಅಂದರೆ ಮಾತು ತಾನೇ ಹರಿಯುತ್ತದೆ. ಬರುತ್ತೇವೆಂದ ದಿನ ಬಂದೇ ತೀರಬೇಕು, ಆಗದಿದ್ದರೆ ಹಿಂದಿನ ದಿನವೇ ತಿಳಿಸಬೇಕು. ಇಲ್ಲವಾದರೆ ಮಗು ಊಟ ಬಿಟ್ಟು ಗೇಟು ಕಾಯುತ್ತದೆ. ದಸರಾ ರಜೆ ಮುಗಿಸಿ ಬಂದ ವಾರ ಜೂನ್‌ಗಿಂತಲೂ ಕಷ್ಟ ಎಂಬ ನಿಮ್ಮ ಮಾತನ್ನು ಹೊಸ ಪೋಷಕರು ನೆನಪಿಡಲಿ.

ಪಾವಗಡ, ಮಧುಗಿರಿ, ಕೊರಟಗೆರೆ ದಾರಿಯ ಕಂಡಕ್ಟರಣ್ಣಂದಿರಿಗೂ ವಂದನೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಕೂಲಿಗೆ ಹೋಗುವ ತಾಯಂದಿರೂ ಬಸ್ ಚಾರ್ಜಿನ ಚಿಂತೆಯಿಲ್ಲದೆ ಪೋಷಕರ ಸಭೆಗೆ ಬಂದರು. ಆಧಾರ್ ಕಾರ್ಡ್ ಕೈಯಲ್ಲಿರಲಿ, ಸಾಮಾನ್ಯ ಬಸ್ಸೇ ಹತ್ತಬೇಕು.

ಹೊಸಬರಿಗೆ ಒಂದೆರಡು ಮಾತು. ಚಟ್ನಿಪುಡಿಗೆ ಹಸಿ ತೆಂಗಿನಕಾಯಿ ಬೇಡ, ತಿಪಟೂರು ಕೊಬ್ಬರಿ ಹಾಕಿ. ಒಣ ಚಮಚ ಬಳಸಿದರೆ ಹದಿನೈದು ದಿನ ಕೆಡುವುದಿಲ್ಲ. ನಿಪ್ಪಟ್ಟು, ಕೋಡುಬಳೆ ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ತುಂಬಿ, ಬಿಸಿಯಲ್ಲೇ ಮುಚ್ಚಿದರೆ ಆವಿ ಕೂತು ಮೆತ್ತಗಾಗುತ್ತವೆ. ಬಟ್ಟೆಯ ಮೇಲೆ ಪೆನ್ನಲ್ಲಿ ಬರೆದ ಹೆಸರು ಒಗೆತಕ್ಕೆ ಹೋಗುತ್ತದೆ. ಕಾಲರಿನ ಒಳಗೆ ದಾರದಲ್ಲಿ ನಂಬರ್ ಹೊಲಿಯಿರಿ. ಟ್ರಂಕಿಗೆ ಎರಡು ಬೀಗದ ಕೈ ಇರಲಿ: ಒಂದು ಮಗುವಿನ ಕೊರಳ ದಾರಕ್ಕೆ, ಇನ್ನೊಂದು ವಾರ್ಡನ್ ಹತ್ತಿರ.

ನಮ್ಮ ಮಕ್ಕಳ ಟ್ರಂಕುಗಳನ್ನು ಶಾಲೆಯಲ್ಲೇ ಬಿಟ್ಟಿದ್ದೇವೆ. ಚಿಲಕ ಗಟ್ಟಿಯಿರುವವನ್ನಷ್ಟೇ ಆರಿಸಿ, ತುಕ್ಕು ಉಜ್ಜಿಸಿ, ಹಳೆಯ ಹೆಸರುಗಳ ಮೇಲೆ ಬಣ್ಣ ಹೊಡೆಸಿದೆ. ಈ ಜೂನ್‌ನಲ್ಲಿ ಆರನೇ ತರಗತಿಗೆ ಸೇರಿಸುವವರು ಹೊಸದು ಕೊಳ್ಳುವ ಮುಂಚೆ ವಾರ್ಡನ್ ಮೇಡಂ ಅವರನ್ನು ಕೇಳಿ.