ಹಾಲು ಬಿಟ್ಟ ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ಮಾತು ಅರ್ಧಕ್ಕೇ ನಿಂತಿತು. ಇನ್ನು ಮೇಲೆ ನೀರು ಬಿಟ್ಟು ಬೇರೇನೂ ಕುಡಿಯೋದಿಲ್ಲ, ಹಾಲು, ಕಾಫಿ, ಟೀ, ಜ್ಯೂಸು ಎಲ್ಲ ಬಂದ್ ಎಂದೆ ನೀನು. ನನ್ನ ದನಿ ಏರಿತು. ನೀನು ‘ಆಯ್ತಪ್ಪಾ, ಆಮೇಲೆ ಮಾತಾಡ್ತೀನಿ’ ಎಂದು ಇಟ್ಟುಬಿಟ್ಟೆ. ನೋಯಿಸಬೇಕೆಂದು ಕೂಗಿದ್ದಲ್ಲ ಮಗಳೇ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಯಾಕೆ ಅಷ್ಟು ಗಾಬರಿಯಾಯಿತು ಎನ್ನುವುದನ್ನು ಫೋನಿನಲ್ಲಿ ಹೇಳಿ ಮುಗಿಸಲು ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನೀರಿನ ಬಗ್ಗೆ ನನ್ನ ತಕರಾರಿಲ್ಲ. ನಿಜ ಹೇಳಬೇಕೆಂದರೆ ಹೆಮ್ಮೆಯೇ ಆಯಿತು. ಆಫೀಸಿನಲ್ಲಿ ಎಲ್ಲರ ಕೈಯಲ್ಲೂ ಸಿಹಿ ಪಾನೀಯ ಇರುವಾಗ ನೀರಿನ ಬಾಟಲಿ ಹಿಡಿದು ಕೂರುವುದು ಸುಲಭವಲ್ಲ. 330 ಮಿಲಿಲೀಟರಿನ ಒಂದು ಕೋಲಾ ಡಬ್ಬಿಯಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇರುತ್ತದೆ. ಇಂಥ ಸಕ್ಕರೆ ದಿನಕ್ಕೆ ಸುಮಾರು 25 ಗ್ರಾಂ ಒಳಗೇ ಇದ್ದರೆ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಜ್ಯೂಸಿನ ಸಕ್ಕರೆಯೂ ಇದೇ ಲೆಕ್ಕಕ್ಕೆ ಬರುತ್ತದೆ, ಹಣ್ಣನ್ನು ಹಾಗೇ ಕಚ್ಚಿ ತಿಂದರೆ ಬರುವುದಿಲ್ಲ. ಟೀ, ಕಾಫಿಯನ್ನು ಊಟದ ಜೊತೆ ಕುಡಿದರೆ ಸೊಪ್ಪು, ಬೇಳೆಯಲ್ಲಿರುವ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಆ ತೊಂದರೆಯೂ ತಪ್ಪಿತು. ಇಷ್ಟೆಲ್ಲ ಬಿಟ್ಟದ್ದಕ್ಕೆ ಶಭಾಷ್ ಎನ್ನುತ್ತೇನೆ.

ನನ್ನ ಚಿಂತೆ ಹಾಲಿನದು. ಹಾಲು ಕುಡಿಯದಿದ್ದರೆ ಬದುಕಲಾಗದು ಎಂದಲ್ಲ. ಕುಡಿಯದೆ ಗಟ್ಟಿಮುಟ್ಟಾಗಿರುವ ಜನ ಲೋಕದ ತುಂಬ ಇದ್ದಾರೆ. ಆದರೆ ನಿನ್ನ ತಟ್ಟೆ ನನಗೆ ಗೊತ್ತಿದೆ. ಮೊಟ್ಟೆ, ಮೀನು, ಮಾಂಸ ನೀನು ಮುಟ್ಟುವುದಿಲ್ಲ. ಮೊಸರಿನ ವಾಸನೆ ಆಗುವುದಿಲ್ಲ. ಚೀಸ್ ಕೂಡ ಅಷ್ಟಕ್ಕಷ್ಟೆ. ಪ್ರಾಣಿಗಳಿಂದ ಬರುವ ಆಹಾರ ಅಂತ ನಿನ್ನ ಹೊಟ್ಟೆಗೆ ಹೋಗುತ್ತಿದ್ದದ್ದು ದಿನಕ್ಕೆರಡು ಲೋಟ ಹಾಲು ಮಾತ್ರ. ಈಗ ಅದೂ ಹೋಯಿತು. ಅದರ ಜೊತೆ ಬಿ12 ಜೀವಸತ್ವವೂ ಹೋಯಿತು. ನಾನು ಕೂಗಿದ್ದು ಇದಕ್ಕೇ.

ನಿನ್ನ ದೊಡ್ಡತ್ತೆಯ ಕಾಲಿನ ವಿಷಯ ನಿನಗೆ ಅರ್ಧ ಮಾತ್ರ ಗೊತ್ತು. ನಿನಗೆ ಬುದ್ಧಿ ಬರುವ ಹೊತ್ತಿಗೆ ಅವಳ ಕೈಗೆ ಕೋಲು ಬಂದಿತ್ತು. ಅದಕ್ಕೆ ಹಿಂದಿನದು ನೀನು ಕಂಡಿಲ್ಲ. ಅಕ್ಕನೂ ನಿನ್ನ ಹಾಗೆಯೇ, ಮೊಟ್ಟೆ ಮಾಂಸ ತಿನ್ನುವವಳಲ್ಲ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುತ್ತದೆ ಎಂದು ಹಾಲು ಬಿಟ್ಟಳು. ಆಮೇಲೆ ಮೊಸರೂ ಬಿಟ್ಟಳು. ಊಟ ಮಾಡಿ ನೀರು ಕುಡಿದುಕೊಂಡು ಆರಾಮಾಗಿದ್ದಳು. ಒಂದೆರಡು ತಿಂಗಳಲ್ಲ, ವರ್ಷಗಟ್ಟಲೆ ಆರಾಮಾಗಿದ್ದಳು. ‘ನೋಡು, ಹಾಲಿಲ್ಲದೆ ನನಗೇನಾಗಿದೆ’ ಎಂದು ಎಲ್ಲರಿಗೂ ಹೇಳುತ್ತಿದ್ದಳು. ನಿನ್ನೆ ನೀನೂ ಅದೇ ಮಾತು ಅಂದೆ.

ಒಂದು ಸಂಜೆ ಇಬ್ಬರೂ ನಡೆದು ಬರುತ್ತಿದ್ದೆವು. ಅವಳು ಮುಂದೆ, ನಾನು ಹಿಂದೆ. ಅವಳ ಎಡಗಾಲಿನ ಚಪ್ಪಲಿ ಕಳಚಿ ದಾರಿಯಲ್ಲೇ ಉಳಿಯಿತು. ಅವಳು ನಿಲ್ಲಲಿಲ್ಲ. ಒಂದು ಕಾಲಿನಲ್ಲಿ ಚಪ್ಪಲಿ, ಇನ್ನೊಂದು ಬರಿಗಾಲು, ಹಾಗೇ ಜಲ್ಲಿಕಲ್ಲಿನ ಮೇಲೆ ನಡೆದುಕೊಂಡು ಹೋದಳು. ಮಾತಿಗೂ ತಡೆ ಬರಲಿಲ್ಲ. ‘ಅಕ್ಕಾ, ಚಪ್ಪಲಿ’ ಎಂದೆ. ಬಗ್ಗಿ ಕಾಲು ನೋಡಿಕೊಂಡಳು. ನೋಡಿದ ಮೇಲೇ ಅವಳಿಗೆ ಗೊತ್ತಾಗಿದ್ದು. ಇಬ್ಬರೂ ನಕ್ಕೆವು. ನಾನು ಹಿಂದೆ ಹೋಗಿ ಚಪ್ಪಲಿ ಎತ್ತಿಕೊಂಡು ಬಂದೆ. ಅಷ್ಟಕ್ಕೇ ಮಾತು ಬೇರೆ ಕಡೆ ಹೋಯಿತು.

ಆಮೇಲೆ ಒಂದೊಂದೇ ಹೊರಬಂತು. ಅಂಗಾಲಿನಲ್ಲಿ ಸದಾ ಜೋಮು. ರಾತ್ರಿ ಪಾದ ಉರಿ. ನಾಲಿಗೆ ಕೆಂಪಾಗಿ ನುಣ್ಣಗಾಗಿತ್ತು. ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದರೆ ಮೈ ತೂಗಾಡುತ್ತಿತ್ತು, ಗೋಡೆ ಹಿಡಿದುಕೊಳ್ಳಬೇಕಿತ್ತು. ಕತ್ತಲೆಯಲ್ಲಿ ನಡೆಯಲು ಹೆದರುತ್ತಿದ್ದಳು. ಕಾಲು ಎಲ್ಲಿದೆ ಎನ್ನುವುದನ್ನು ಮೆದುಳಿಗೆ ಹೇಳುವ ನರಗಳು ಕೆಟ್ಟಾಗ ಆ ಕೆಲಸವನ್ನು ಕಣ್ಣು ಮಾಡುತ್ತದೆ. ಕಣ್ಣು ಮುಚ್ಚಿದರೆ ಆಧಾರ ಹೋಯಿತು. ಇದೆಲ್ಲ ನಮಗೆ ಆಗ ಯಾರೂ ಹೇಳಲಿಲ್ಲ.

ಮೊದಲು ತೋರಿಸಿದ ಕಡೆ ರಕ್ತ ಕಡಿಮೆ ಇದೆ ಎಂದು ಕಬ್ಬಿಣದ ಜೊತೆ ಫೋಲಿಕ್ ಆಮ್ಲದ ಮಾತ್ರೆ ಕೊಟ್ಟರು. ರಕ್ತವೂ ಏರಿತು. ಎಲ್ಲರಿಗೂ ಸಮಾಧಾನ. ಕಾಲು ಮಾತ್ರ ಇನ್ನೂ ಹದಗೆಟ್ಟಿತು. ಇದನ್ನು ಎರಡು ಸಲ ಓದು ಪುಟ್ಟಿ. ಬಿ12 ಕೊರತೆ ಇರುವವರಿಗೆ ಬರೀ ಫೋಲಿಕ್ ಆಮ್ಲ ಕೊಟ್ಟರೆ ರಕ್ತಹೀನತೆ ಸರಿಹೋದ ಹಾಗೆ ಕಾಣುತ್ತದೆ. ನರಗಳು ಕೆಡುವುದು ಒಳಗೊಳಗೇ ಮುಂದುವರಿಯುತ್ತದೆ. ಕಡೆಗೆ ಇನ್ನೊಬ್ಬ ವೈದ್ಯರು ತಟ್ಟಿದರೆ ಕಂಪಿಸುವ ಲೋಹದ ಶ್ರುತಿಕಡ್ಡಿಯೊಂದನ್ನು ತಟ್ಟಿ ಅಕ್ಕನ ಕಾಲಿನ ಗಂಟಿನ ಮೇಲೆ ಇಟ್ಟರು. ‘ಕಂಪನ ಗೊತ್ತಾಗ್ತಿದೆಯಾ?’ ಎಂದು ಕೇಳಿದರು. ‘ತಣ್ಣಗಿದೆ’ ಎಂದಳು. ಕಡ್ಡಿ ಜುಮ್ಮೆನ್ನುತ್ತಿದ್ದದ್ದು ನನ್ನ ಕಿವಿಗೆ ಕೇಳುತ್ತಿತ್ತು, ಅವಳ ಎಲುಬಿಗೆ ತಿಳಿಯುತ್ತಿರಲಿಲ್ಲ.

ಬಿ12 ಇಂಜೆಕ್ಷನ್ ಶುರುವಾಯಿತು. ಸುಸ್ತು ಹೋಯಿತು, ನಾಲಿಗೆ ಸರಿಯಾಯಿತು, ಜೋಮು ಕಡಿಮೆಯಾಯಿತು. ನಡಿಗೆ ಮಾತ್ರ ಪೂರ್ತಿ ವಾಪಸ್ ಬರಲಿಲ್ಲ. ಬೇಗ ಹಿಡಿದರೆ ಇದು ಸಾಮಾನ್ಯವಾಗಿ ಪೂರ್ತಿ ವಾಸಿಯಾಗುತ್ತದೆ. ತಡವಾದರೆ ನರಕ್ಕೆ ಆದ ಪೆಟ್ಟು ಸ್ವಲ್ಪವಾದರೂ ಉಳಿದುಬಿಡಬಹುದು. ಆ ಚಪ್ಪಲಿ ಎತ್ತಿಕೊಂಡು ಬಂದ ದಿನವೇ ಯಾರಾದರೂ ನನಗೆ ಇದನ್ನು ಹೇಳಿದ್ದರೆ! ಮತ್ತೆ ಮತ್ತೆ ಅದೇ ಕತೆ ಹೇಳುತ್ತಾನೆ ಅಪ್ಪ ಎನ್ನಬೇಡ. ನೀನು ನಡೆಯುವುದನ್ನು ಹಿಂದಿನಿಂದ ನೋಡಿದಾಗೆಲ್ಲ ನನ್ನ ಕಣ್ಣು ನಿನ್ನ ಕಾಲಿಗೇ ಹೋಗುತ್ತದೆ.

ಈಗ ಲೆಕ್ಕ ಕೇಳು. ದೊಡ್ಡವರಿಗೆ ದಿನಕ್ಕೆ ಬೇಕಾದ ಬಿ12 ಸುಮಾರು 2.4 ಮೈಕ್ರೋಗ್ರಾಂ. ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು ಒಂದು ಮೈಕ್ರೋಗ್ರಾಂ. ಅಷ್ಟು ಸಣ್ಣ ಪ್ರಮಾಣ. 200 ಮಿಲಿಲೀಟರ್ ಹಾಲಿನಲ್ಲಿ ಹೆಚ್ಚುಕಡಿಮೆ 0.9 ಮೈಕ್ರೋಗ್ರಾಂ ಸಿಗುತ್ತದೆ. ನಿನ್ನ ಎರಡು ಲೋಟ ಹಾಲು ದಿನದ ಅಗತ್ಯದ ದೊಡ್ಡ ಪಾಲನ್ನು ಸದ್ದಿಲ್ಲದೆ ತುಂಬಿಸುತ್ತಿತ್ತು. ಲಿವರ್ ಇದನ್ನು ಕೂಡಿಡುತ್ತದೆ. ಮನೆಯಲ್ಲಿ ದುಡಿಯುವವರಿಲ್ಲದಿದ್ದರೂ ಹಳೆಯ ಉಳಿತಾಯದಲ್ಲಿ ಸಂಸಾರ ನಡೆಯುತ್ತದಲ್ಲ, ಹಾಗೆ ಆ ದಾಸ್ತಾನಿನಲ್ಲೇ ಮೈ ವರ್ಷಗಟ್ಟಲೆ ನಡೆಯುತ್ತದೆ. ಅದಕ್ಕೇ ಈಗ ನಿನಗೆ ಏನೂ ಆಗಿಲ್ಲ. ಚೆನ್ನಾಗಿದ್ದೇನೆ ಎನ್ನುವ ನಿನ್ನ ಮಾತನ್ನು ನಂಬುತ್ತೇನೆ. ಆದರೆ ಈ ವಿಷಯದಲ್ಲಿ ಅದು ಸಾಕ್ಷಿಯಾಗುವುದಿಲ್ಲ.

ಸೊಪ್ಪು ತರಕಾರಿ ಜಾಸ್ತಿ ತಿಂದರಾಯಿತು ಎಂದೆ ನೀನು. ಬೇರೆ ಎಷ್ಟೋ ವಿಷಯಕ್ಕೆ ಅದು ಸರಿ, ಇದಕ್ಕಲ್ಲ. ಬಿ12 ತಯಾರಿಸುವುದು ಬ್ಯಾಕ್ಟೀರಿಯಾಗಳು ಮಾತ್ರ. ಗಿಡಗಳಿಗೆ ಅದು ಬೇಕಾಗಿಲ್ಲ, ಅವುಗಳಲ್ಲಿ ಇರುವುದೂ ಇಲ್ಲ. ಸ್ಪಿರುಲಿನಾ ಪುಡಿಯಲ್ಲಿ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡ. ಅದರಲ್ಲಿ ಇರುವುದು ಬಹುಪಾಲು ನಮ್ಮ ಮೈಗೆ ಕೆಲಸಕ್ಕೆ ಬಾರದ ರೂಪ. ಹಾಲು ಬೇಡವೆಂದರೆ ಬೇಡ, ಬಲವಂತ ಮಾಡುವುದಿಲ್ಲ. ಬಿ12 ಸೇರಿಸಿದ ಆಹಾರವನ್ನು ದಿನವೂ ತಿನ್ನು, ಇಲ್ಲವೇ ವೈದ್ಯರನ್ನು ಕೇಳಿ ಮಾತ್ರೆ ತೆಗೆದುಕೋ. ಮಾತ್ರೆಯ ಮೇಲೆ 500, 1000 ಮೈಕ್ರೋಗ್ರಾಂ ಎಂದಿರುವುದನ್ನು ನೋಡಿ ಹೆದರಬೇಡ. ಹೊಟ್ಟೆಯಲ್ಲಿ ಬಿ12 ಅನ್ನು ಹಿಡಿದು ಸಾಗಿಸುವ ಒಂದು ಪ್ರೋಟೀನ್ ಇದೆ. ಅದು ಒಂದು ಸಲಕ್ಕೆ ಒಂದೆರಡು ಮೈಕ್ರೋಗ್ರಾಂ ಮಾತ್ರ ಒಯ್ಯಬಲ್ಲದು. ಉಳಿದದ್ದರಲ್ಲಿ ನೂರಕ್ಕೆ ಸುಮಾರು ಒಂದು ಪಾಲು ತಾನಾಗೇ ಒಳಗೆ ಇಳಿಯುತ್ತದೆ. ಅದಕ್ಕೇ ಅಷ್ಟು ಹಾಕಿರುತ್ತಾರೆ.

ಮಾತ್ರೆ ಎಂದರೆ ನಿನಗೆ ಆಗದು. ಆದರೂ ಕೇಳು. ನೂರು ವರ್ಷದ ಹಿಂದೆ ಬಿ12 ಮೈಗೆ ಹತ್ತದೆ ಬರುವ ರಕ್ತಹೀನತೆಯಿಂದ ಜನ ಸಾಯುತ್ತಿದ್ದರು. 1926ರಲ್ಲಿ ಮೈನಾಟ್ ಮತ್ತು ಮರ್ಫಿ ಎಂಬ ವೈದ್ಯರು ರೋಗಿಗಳಿಗೆ ದಿನವೂ ರಾಶಿ ಲಿವರ್ ತಿನ್ನಿಸಿ ಉಳಿಸಬಹುದೆಂದು ತೋರಿಸಿದರು. 1934ರಲ್ಲಿ ವಿಪಲ್ ಎಂಬ ವಿಜ್ಞಾನಿಯ ಜೊತೆ ಅವರಿಗೆ ನೊಬೆಲ್ ಬಂತು. ಲಿವರಿನಲ್ಲಿ ಇದ್ದದ್ದು ಬಿ12 ಎಂದು ಬೇರೆ ಮಾಡಿ ತೆಗೆದದ್ದು 1948ರಲ್ಲಿ. ಅವರೆಲ್ಲ ಅಷ್ಟು ಕಷ್ಟಪಟ್ಟು ತಿಂದದ್ದು ಇವತ್ತು ಒಂದು ಸಣ್ಣ ಮಾತ್ರೆಯಲ್ಲಿ ಸಿಗುತ್ತಿದೆ. ನುಂಗು ತಾಯಿ.

ಕ್ಯಾಲ್ಸಿಯಂ ಬಗ್ಗೆ ಇಷ್ಟು ಉದ್ದ ಬರೆಯುವುದಿಲ್ಲ, ಯಾಕೆಂದರೆ ಅದನ್ನು ತಟ್ಟೆಯಲ್ಲೇ ತರಬಹುದು. ದಿನಕ್ಕೆ ಸುಮಾರು 1000 ಮಿಲಿಗ್ರಾಂ ಬೇಕು, ಎರಡು ಲೋಟ ಹಾಲು ಅದರ ಅರ್ಧದ ಹತ್ತಿರ ಕೊಡುತ್ತಿತ್ತು. ಬರೀ ಪಾಲಕ್ ನೆಚ್ಚಬೇಡ. ಅದರಲ್ಲಿ ಕ್ಯಾಲ್ಸಿಯಂ ಇದೆ, ಆದರೆ ಅದರಲ್ಲೇ ಇರುವ ಆಕ್ಸಲೇಟ್ ಎಂಬ ಅಂಶ ಹಿಡಿದಿಟ್ಟುಕೊಳ್ಳುವುದರಿಂದ ನೂರರಲ್ಲಿ ಐದು ಪಾಲಿನಷ್ಟು ಮಾತ್ರ ಮೈಗೆ ಸಿಗುತ್ತದೆ. ಹಾಲಿನದಾದರೆ ಮೂವತ್ತು ಪಾಲು. ಎಲೆಕೋಸು, ಬ್ರೊಕೊಲಿ, ಸಾಸಿವೆ ಸೊಪ್ಪಿನಂಥವುಗಳಿಂದ ಇನ್ನೂ ಚೆನ್ನಾಗಿ ಹತ್ತುತ್ತದೆ. ಕ್ಯಾಲ್ಸಿಯಂ ಹಾಕಿ ಗಟ್ಟಿ ಮಾಡಿದ ತೋಫು ಎಂಬ ಸೋಯಾ ಪನೀರ್, ಬಾದಾಮಿ, ಎಳ್ಳು ಇರಲಿ. ಎಲುಬು ಗಟ್ಟಿಯಾಗಲು ನಿನಗೆ ಇನ್ನು ಕೆಲವೇ ವರ್ಷ ಇದೆ. ಮೂವತ್ತರ ಹೊತ್ತಿಗೆ ಕೂಡಿಸಿಟ್ಟದ್ದೇ ಮುಂದಕ್ಕೆ. ಬಿಸಿಲಿಗೂ ಸ್ವಲ್ಪ ಹೋಗು, ಡಿ ಜೀವಸತ್ವ ಇಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಸರಿಯಾಗಿ ಹತ್ತುವುದಿಲ್ಲ.

ಹಾಲಿನಿಂದ ಬರುತ್ತಿದ್ದ ಪ್ರೋಟೀನಿಗೆ ಬೇಳೆಕಾಳು ಒಂದು ಹಿಡಿ ಜಾಸ್ತಿ ಹಾಕಿಕೋ. ಅಯೋಡಿನ್ ಸೇರಿಸಿದ ಉಪ್ಪನ್ನೇ ಬಳಸು. ತರಕಾರಿ ಬೇಯಿಸಿದ ನೀರು ಚೆಲ್ಲಬೇಡ, ಸಿ ಮತ್ತು ಬಿ ಜೀವಸತ್ವಗಳು ಅದರಲ್ಲೇ ಇಳಿದಿರುತ್ತವೆ. ಕ್ಯಾರೆಟ್ಟಿಗೆ ಒಂದು ಚಮಚ ಎಣ್ಣೆಯಾದರೂ ಬೀಳಲಿ, ಜಿಡ್ಡಿಲ್ಲದೆ ಅದರ ಎ ಜೀವಸತ್ವ ಮೈಗೆ ಹಿಡಿಯುವುದಿಲ್ಲ. ಊಟದ ಜೊತೆ ನಿಂಬೆಯೋ ಕಿತ್ತಳೆಯೋ ಇದ್ದರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಊಟದ ಮಧ್ಯೆ ನೀರು ಕುಡಿದರೆ ಜೀರ್ಣವಾಗಲ್ಲ ಎನ್ನುವ ಮಾತನ್ನು ತಲೆಗೆ ಹಾಕಿಕೊಳ್ಳಬೇಡ, ಬೇಕೆನಿಸಿದಾಗ ಕುಡಿ. ಸುಮ್ನೆ ಲೀಟರ್‌ಗಟ್ಟಲೆ ಸುರಿದುಕೊಳ್ಳುವುದೂ ಬೇಡ. ಕಿಡ್ನಿ ಗಂಟೆಗೆ ಹೊರಹಾಕಬಲ್ಲದ್ದು ಒಂದು ಲೀಟರಿಗಿಂತ ಹೆಚ್ಚೇನಲ್ಲ. ಅದಕ್ಕಿಂತ ಜಾಸ್ತಿ ಕುಡಿಯುತ್ತ ಹೋದರೆ ರಕ್ತದ ಸೋಡಿಯಂ ತೆಳುವಾಗುತ್ತದೆ, ಅದು ಪ್ರಾಣಕ್ಕೇ ಬರಬಹುದು.

ಭೇದಿ ಶುರುವಾದರೆ ಮಾತ್ರ ನೀರಿನ ಹಠ ಬಿಡು. ಆಗ ಬರೀ ನೀರು ಸಾಲದು. ಸಕ್ಕರೆ, ಉಪ್ಪು ಬೆರೆತ ಓಆರ್‌ಎಸ್ ಪುಡಿಯನ್ನು ನೀರಿಗೆ ಕಲಸಿ ಕುಡಿ. ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಸಮ ಚಮಚ ಉಪ್ಪು. ಚಮಚ ಎಂದರೆ ಟೀ ಚಮಚ. ಸಕ್ಕರೆಯ ಗ್ಲೂಕೋಸ್ ಜೊತೆಯಾದರೆ ಕರುಳು ಉಪ್ಪನ್ನು ಎಳೆದುಕೊಳ್ಳುತ್ತದೆ, ಉಪ್ಪಿನ ಹಿಂದೆ ನೀರೂ ಹೋಗುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂದಾಗ ದಿಲೀಪ್ ಮಹಲನಬೀಸ್ ಎಂಬ ವೈದ್ಯರು ಇದೇ ಬಗೆಯ ದ್ರಾವಣ ಕುಡಿಸಿ ಸಾವಿರಾರು ಜನರನ್ನು ಉಳಿಸಿದ್ದರು. ಸಕ್ಕರೆ ಬಿಟ್ಟಿದ್ದೇನೆ ಎಂದು ಅವತ್ತು ಹಟ ಮಾಡಬೇಡ.

ಇನ್ನೊಂದು ಕೇಳಲು ನನಗೆ ಸಂಕೋಚ. ನಿನ್ನ ರೂಮಿನಲ್ಲಿ ಯಾರೋ ದಿನಗಟ್ಟಲೆ ಬರೀ ನೀರಿನಲ್ಲೇ ಇರುತ್ತಾರೆ, ಊಟವೂ ಇಲ್ಲ ಎಂದು ಅಮ್ಮನ ಹತ್ತಿರ ಹೇಳಿದ್ದೆಯಂತೆ. ನೀನು ಆ ಕಡೆಗೆ ಹೋಗುವುದಿಲ್ಲ ಅಲ್ವಾ? ನೀರಿನಲ್ಲಿ ಶಕ್ತಿಯೂ ಇಲ್ಲ, ಪ್ರೋಟೀನೂ ಇಲ್ಲ, ಇರುವುದು ಚೂರುಪಾರು ಖನಿಜ. ಊಟ ನಿಂತರೆ ಮೈ ತನ್ನ ಮಾಂಸಖಂಡವನ್ನೇ ಕರಗಿಸಿ ತಿನ್ನುತ್ತದೆ. ತುಂಬಾ ದಿನ ಹಸಿದವರು ಒಮ್ಮೆಲೇ ಹೊಟ್ಟೆ ತುಂಬ ಉಂಡರೂ ರಕ್ತದ ಫಾಸ್ಫೇಟ್ ಕುಸಿದು ಹೃದಯಕ್ಕೆ ಅಪಾಯವಾಗುತ್ತದೆ. ನೀರೊಂದನ್ನೇ ಕುಡಿ, ಒಪ್ಪಿದ್ದೇನೆ. ಊಟ ಬಿಡುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಈ ಶನಿವಾರ ನಿನಗೆ ರಜೆ ಇದೆ. ಬೆಳಿಗ್ಗೆ ಹೋಗಿ ರಕ್ತ ಕೊಟ್ಟು ಬಾ. ಬಿ12, ಡಿ, ಹಿಮೋಗ್ಲೋಬಿನ್ ಮೂರನ್ನೂ ನೋಡಿಸು. ಬಿ12 ಒಂದು ಮಿಲಿಲೀಟರಿಗೆ 200 ಪಿಕೋಗ್ರಾಂಗಿಂತ ಕೆಳಗಿದ್ದರೆ ಸಾಮಾನ್ಯವಾಗಿ ಕೊರತೆ ಎನ್ನುತ್ತಾರೆ. ಆದರೂ ಅಂಕಿ ನೋಡಿ ನೀನೇ ತೀರ್ಮಾನ ಮಾಡಬೇಡ, ವೈದ್ಯರಿಗೆ ತೋರಿಸು. ಹಾಲು ಬಿಟ್ಟಿದ್ದೇನೆ, ಮೊಟ್ಟೆ ಮಾಂಸ ತಿನ್ನುವುದಿಲ್ಲ ಎಂದು ಮೊದಲೇ ಹೇಳು. ಅವರು ಫೋಲಿಕ್ ಆಮ್ಲ ಒಂದನ್ನೇ ಬರೆದರೆ, ಬಿ12 ಎಷ್ಟಿದೆ ನೋಡಿದಿರಾ ಎಂದು ಕೇಳಲು ನಾಚಿಕೆ ಬೇಡ. ರಿಪೋರ್ಟ್ ಬಂದ ಕೂಡಲೇ ಫೋಟೋ ತೆಗೆದು ನನಗೆ ಕಳಿಸು, ನನ್ನ ಮೇಲೆ ಇನ್ನೂ ಸಿಟ್ಟಿದ್ದರೆ ಅಮ್ಮನಿಗಾದರೂ ಕಳಿಸು.

ಇಂತಿ ನಿನ್ನ
ಅಪ್ಪ