ಏನೂ ಅನ್ನಿಸ್ಲಿಲ್ಲ ಅಂತ ಬರ್ದಿದ್ದೀಯಲ್ಲ

ಪುಟ್ಟಿ,

ನಿನ್ನ ಮೆಸೇಜಲ್ಲಿರೋ ಪಿಜಿ ಊಟ, ಸಂಬಳ, ನಿಮ್ಮಪ್ಪನ ಸಾಲ ಎಲ್ಲ ನಂಗೆ ಗೊತ್ತಿರೋದೇ, ಅದಿರ್ಲಿ. ಮಧ್ಯದಲ್ಲಿ ಒಂದು ಮಾತು ಬರ್ದು ಹಾಗೇ ಮುಂದೆ ಹೋಗಿದ್ದೀಯ ನೋಡು, ಐಸಿಯುನಲ್ಲಿ ಪೇಷೆಂಟ್ ಹೋದ್ರು, ಬಾಡಿ ಪ್ಯಾಕ್ ಮಾಡಿ ಕಳ್ಸಿ, ಹ್ಯಾಂಡೋವರ್ ಕೊಟ್ಟು ಕ್ಯಾಂಟೀನಲ್ಲಿ ಇಡ್ಲಿ ತಿಂದೆ, ಏನೂ ಅನ್ನಿಸ್ಲಿಲ್ಲ ಅಂತ. ಅದನ್ನ ಓದಿದಾಗಿಂದ ನಂಗೆ ಸಮಾಧಾನ ಇಲ್ಲ.

ಇಡ್ಲಿ ತಿಂದಿದ್ದು ತಪ್ಪಲ್ಲ ಕಣೇ, ರಾತ್ರಿಯೆಲ್ಲಾ ನಿಂತವಳಿಗೆ ಹಸಿವಾಗಲ್ವಾ. ನಂಗೆ ಭಯ ಆಗಿದ್ದು ಆ "ಏನೂ" ಅನ್ನೋದಕ್ಕೆ.

ನಾನು ಹೆರಿಗೆ ವಾರ್ಡಲ್ಲಿದ್ದಾಗ ಒಬ್ಬ ಬಾಣಂತಿ ರಕ್ತ ನಿಲ್ಲದೆ ಹೋಗಿಬಿಟ್ಲು, ಪಕ್ಕದ ಟೇಬಲ್ ಮೇಲೆ ಇನ್ನೊಬ್ಬಳಿಗೆ ನೋವು ಜಾಸ್ತಿ ಆಗ್ತಿತ್ತು, ನೈಟ್‌ಗೆ ಇದ್ದಿದ್ದು ನಾನೊಬ್ಳೇ, ಕೈ ತೊಳ್ಕೊಂಡು ಅತ್ಲಾಗೆ ಹೋದೆ. ಅವತ್ತು ಅಳು ಬರ್ಲಿಲ್ಲ, ಅದು ನಂಗೆ ದೊಡ್ಡದು ಅನ್ನಿಸ್ಲೂ ಇಲ್ಲ. ಆಮೇಲಾಮೇಲೆ ಮಗು ಹುಟ್ಟಿ ಕಿರುಚಿದ್ರೂ ಏನೂ ಅನ್ನಿಸ್ತಿರ್ಲಿಲ್ಲ, ತೂಕ ನೋಡು, ಟ್ಯಾಗ್ ಕಟ್ಟು, ಬರಿ, ಅಷ್ಟೇ. ದುಃಖ ಒಂದೇ ಹೋಗಲ್ಲ ಪುಟ್ಟಿ, ಜೊತೆಗೆ ಖುಷೀನೂ ಹೋಗುತ್ತೆ. ನಿಮ್ಮ ದೊಡ್ಡಪ್ಪನಿಗೂ ಹೇಳ್ಲಿಲ್ಲ, ಹೇಳಿದ್ರೆ ಕೆಲ್ಸ ಬಿಡು ಅಂತಿದ್ರು. ಯಾರ ಹತ್ರಾನೂ ಬಾಯಿ ಬಿಡದೆ ವರ್ಷಗಟ್ಲೆ ಹಾಗೇ ಇದ್ದೆನಲ್ಲ, ಆ ಕೊರಗು ಈಗ್ಲೂ ಇದೆ.

ಅದಕ್ಕೇ ಕೇಳ್ತಿದ್ದೀನಿ. ವೆಂಟಿಲೇಟರಿಂದ ಹೊರಗೆ ಬಂದವರು ಮೊದಲ ಸಲ ನೀರು ಕೇಳ್ದಾಗ ನಿಂಗೆ ಖುಷಿ ಆಗುತ್ತಾ ಇನ್ನೂ? ಇದೊಂದಕ್ಕೆ ಉತ್ತರ ಬರಿ, ಬೇರೆ ಏನೂ ಬರೀದಿದ್ರೂ ಪರ್ವಾಗಿಲ್ಲ.

ನೀನು ಕಲ್ಲಾಗಿದ್ದೀಯ ಅಂತ ನಾನು ಒಪ್ಪಲ್ಲ. ಐಸಿಯುನಲ್ಲಿ ಪ್ರತಿ ಶಿಫ್ಟ್‌ಗೂ ಒಬ್ಬ ಪೇಷೆಂಟ್‌ಗೆ ಒಬ್ಬ ನರ್ಸ್ ಇರ್ಬೇಕು ಅಂತ ನರ್ಸಿಂಗ್ ಕೌನ್ಸಿಲ್ ಲೆಕ್ಕಾನೇ ಇದೆ, ನಿನ್ನ ಕೈಗೆ ಮೂರು ವೆಂಟಿಲೇಟರ್ ಕೊಟ್ಟಿದ್ದಾರೆ. ಹೀಗೆ ಏನೂ ಅನ್ನಿಸದೆ ಹೋಗೋದಕ್ಕೆ ನಮ್ಮ ಕಾಲದಲ್ಲಿ ಹೆಸ್ರೇ ಇರ್ಲಿಲ್ಲ, ಅವ್ಳಿಗೆ ಕೊಬ್ಬು ಅನ್ನೋರು. ಈಗ ಬರ್ನೌಟ್ ಅಂತಾರೆ, ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅದನ್ನ ಕೆಲಸದಿಂದ ಬರೋದು ಅಂತಾನೇ ಬರ್ಕೊಂಡಿದೆ, ಸುಸ್ತು, ಕೆಲಸದಿಂದ ಮನಸ್ಸು ದೂರ ಆಗೋದು, ನನ್ನ ಕೈಲಿ ಏನೂ ಆಗ್ತಿಲ್ಲ ಅನ್ನಿಸೋದು. ನಿನ್ನ ಮೆಸೇಜಲ್ಲಿ ಮೂರೂ ಇದೆ.

ಏನ್ಮಾಡು ಅಂತ ಹೇಳೋಕೆ ನಂಗೂ ಜಾಸ್ತಿ ಗೊತ್ತಿಲ್ಲ, ಬೇಜಾರಾಗ್ಬೇಡ. ಸಾವಾದ ದಿನ ಜೊತೇಲಿದ್ದ ಸಿಸ್ಟರ್ ಹತ್ರ ಆ ಪೇಷೆಂಟ್ ಹೆಸ್ರು ಹೇಳಿ ಎರಡು ಮಾತಾಡು. ಟೆಲಿ ಮಾನಸ್ ಅಂತ ಮನಸ್ಸಿನ ಕಷ್ಟ ಹೇಳ್ಕೊಳ್ಳೋಕೆ ಸರ್ಕಾರದ ಫೋನ್ ನಂಬರ್ 14416 ಇದೆ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡು ಕೊಡ್ಬೇಕಾಗಿಲ್ಲ, ನಿಮ್ಹಾನ್ಸ್‌ನೋರೂ ಅದರಲ್ಲಿದ್ದಾರೆ. ಸತತ ನೈಟ್ ಹಾಕ್ಬೇಡಿ ಅಂತ ಇನ್‌ಚಾರ್ಜ್‌ಗೆ ಬರೆದು ಕೊಡು, ಕೇಳ್ತಾರೋ ಇಲ್ವೋ, ಆದ್ರೂ ಕೊಡು. ಕೆಲ್ಸ ಬಿಡು ಅಂತ ನಾನಂತೂ ಹೇಳಲ್ಲ, ಬಿಡ್ಬೇಕು ಅನ್ನಿಸಿದ್ರೆ ನಿಮ್ಮಪ್ಪನ ಹತ್ರ ನಾನೇ ಮಾತಾಡ್ತೀನಿ.

ರಜಾ ಹಾಕಿ ಊರಿಗೆ ಬಾ ಅಂದ್ರೆ ರೋಸ್ಟರ್ ಅಂತೀಯ. ನಿನ್ನ ಆಫ್ ಯಾವತ್ತು ಅಂತ ತಿಳ್ಸು, ಬೆಳಗಿನ ಬಸ್ಸಿಗೆ ನಾನೇ ಬರ್ತೀನಿ.

ನಿನ್ನ ದೊಡ್ಡಮ್ಮ